ತೃಪ್ತಿಯ ಅಂಕ, ಕಲಿಕೆಯ ಲೆಕ್ಕ: ವಿದ್ಯಾರ್ಥಿ ಸಮೀಕ್ಷೆಗಳು ಅಳೆಯುತ್ತಿರುವುದೇನನ್ನು?

ರಾಜ್ಯದ ಯಾವುದಾದರೂ ಪದವಿ ಕಾಲೇಜಿನ ಜಾಲತಾಣ ತೆರೆದು ‘ಐಕ್ಯೂಎಸಿ’ (ಆಂತರಿಕ ಗುಣಮಟ್ಟ ಖಾತರಿ ಕೋಶ) ಎಂದಿರುವ ಕಡೆ ಒತ್ತಿ ನೋಡಿ. ವಾರ್ಷಿಕ ಗುಣಮಟ್ಟ ವರದಿಗಳ ಸಾಲಿನಲ್ಲಿ ‘ವಿದ್ಯಾರ್ಥಿ ಸಂತೃಪ್ತಿ ಸಮೀಕ್ಷೆ’ ಎಂಬ ಪಿಡಿಎಫ್ ಕಡತವೊಂದು ಸಿಗುವ ಸಾಧ್ಯತೆ ಬಹಳ. ಒಳಗೆ ಗೂಗಲ್ ಫಾರ್ಮ್ ತಾನಾಗಿಯೇ ಬಿಡಿಸಿಕೊಟ್ಟ ಪೈ ಚಾರ್ಟ್‌ಗಳು. ಬಹುಪಾಲು ನೀಲಿ, ಪಕ್ಕದಲ್ಲಿ ಒಂದಿಷ್ಟು ಕೆಂಪು, ಉಳಿದ ಬಣ್ಣಗಳು ಕಂಡೂ ಕಾಣದಷ್ಟು. ನೀಲಿ ಎಂದರೆ ಮೊದಲನೆಯ ಆಯ್ಕೆ, ಸಾಮಾನ್ಯವಾಗಿ ‘ಅತ್ಯುತ್ತಮ’. ಕೊನೆಯಲ್ಲಿ ಸಂಚಾಲಕರ ಮತ್ತು ಪ್ರಾಂಶುಪಾಲರ ಸಹಿ, ಮೊಹರು. ಹಿಂದಿನ ವರ್ಷದ ಕಡತ ತೆರೆದರೂ ಹೆಚ್ಚುಕಡಿಮೆ ಅದೇ ನೀಲಿ.

ಇಷ್ಟೊಂದು ತೃಪ್ತರಾದ ವಿದ್ಯಾರ್ಥಿಗಳನ್ನು ಇಟ್ಟುಕೊಂಡೂ ನಮ್ಮ ಪ್ರಾಧ್ಯಾಪಕರ ಕೊಠಡಿಗಳಲ್ಲಿ ನಡೆಯುವ ಮಾತು ಮಾತ್ರ ಬೇರೆಯೇ ಆಗಿರುತ್ತದೆ. ಹುಡುಗರು ತರಗತಿಗೆ ಬರುವುದಿಲ್ಲ, ಬಂದವರು ಬಾಯಿ ಬಿಡುವುದಿಲ್ಲ, ಗ್ರಂಥಾಲಯದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕ ಹಿಡಿದವರಷ್ಟೇ ಕಾಣುತ್ತಾರೆ, ಶೇ 75ರ ಹಾಜರಾತಿಯ ಹೆದರಿಕೆ ಇಲ್ಲದಿದ್ದರೆ ಅರ್ಧ ಕಾಲೇಜು ಖಾಲಿ. ಎರಡೂ ಚಿತ್ರಗಳು ಒಂದೇ ಸಂಸ್ಥೆಯವು. ಎರಡರಲ್ಲಿ ಒಂದು ಸುಳ್ಳು ಎಂದು ತೀರ್ಮಾನಿಸುವ ಅಗತ್ಯವಿಲ್ಲ. ಸಂಸ್ಥೆ ಹೇಗಿದೆ ಎಂಬ ವಿದ್ಯಾರ್ಥಿಯ ಅಭಿಪ್ರಾಯ ಒಂದು, ಕಲಿಕೆಯಲ್ಲಿ ಆತ ಎಷ್ಟು ತೊಡಗಿಕೊಂಡಿದ್ದಾನೆ ಎಂಬುದು ಇನ್ನೊಂದು. ನಾವು ಮೊದಲನೆಯದನ್ನು ಮಾತ್ರ ಕೇಳುತ್ತಿದ್ದೇವೆ. ಕೇಳುವಾಗ ಉತ್ತರಕ್ಕೆ ಅಂಕ ಕಟ್ಟಿರುವುದರಿಂದ ಅದೂ ಸರಿಯಾಗಿ ಸಿಗುತ್ತಿಲ್ಲ.

ಅಂಕ ಕಟ್ಟಿದ್ದು ನ್ಯಾಕ್. 1994ರಲ್ಲಿ ಯುಜಿಸಿ ಸ್ಥಾಪಿಸಿದ, ಬೆಂಗಳೂರಿನಲ್ಲೇ ಕೇಂದ್ರ ಕಚೇರಿ ಇರುವ ಈ ರಾಷ್ಟ್ರೀಯ ಮೌಲ್ಯಾಂಕನ ಮತ್ತು ಮಾನ್ಯತಾ ಮಂಡಳಿ 2017ರಲ್ಲಿ ತನ್ನ ಮೌಲ್ಯಮಾಪನದ ಚೌಕಟ್ಟನ್ನು ಬದಲಿಸಿತು. ಪರಿಶೀಲನಾ ತಂಡದವರು ಬಂದು, ಸನ್ಮಾನ ಸ್ವೀಕರಿಸಿ, ಸಾಂಸ್ಕೃತಿಕ ಕಾರ್ಯಕ್ರಮ ನೋಡಿ ಅಂಕ ಕೊಡುವ ಪದ್ಧತಿಯ ಮೇಲಿನ ಅವಲಂಬನೆ ಕಡಿಮೆ ಮಾಡಿ, ದತ್ತಾಂಶಕ್ಕೆ ಹೆಚ್ಚು ತೂಕ ಕೊಡುವುದು ಉದ್ದೇಶ. ವಿದ್ಯಾರ್ಥಿಗಳ ದನಿಯೂ ಲೆಕ್ಕಕ್ಕೆ ಬರಲಿ ಎಂದು ಸಂತೃಪ್ತಿ ಸಮೀಕ್ಷೆಯನ್ನು ಸೇರಿಸಿದ್ದೂ ಆಗಲೇ. ಉದ್ದೇಶದಲ್ಲಿ ತಪ್ಪು ಹುಡುಕಲಾಗದು. ಅಲ್ಲಿಯವರೆಗೆ ನಮ್ಮ ಉನ್ನತ ಶಿಕ್ಷಣದ ಮೌಲ್ಯಮಾಪನದಲ್ಲಿ ವಿದ್ಯಾರ್ಥಿಯೆಂದರೆ ಪರಿಶೀಲನಾ ತಂಡದೆದುರು ಸಮವಸ್ತ್ರ ತೊಟ್ಟು ಕೂರಿಸಲ್ಪಟ್ಟ ಆಯ್ದ ಐವತ್ತು ಮಂದಿ, ಅಷ್ಟೇ.

ವಿಧಾನ ಹೀಗಿದೆ. ಸಂಸ್ಥೆ ತನ್ನ ಎಲ್ಲ ವಿದ್ಯಾರ್ಥಿಗಳ ಇಮೇಲ್ ವಿಳಾಸದ ಪಟ್ಟಿಯನ್ನು ನ್ಯಾಕ್‌ಗೆ ಕೊಡಬೇಕು. ನ್ಯಾಕ್ ನೇರವಾಗಿ ವಿದ್ಯಾರ್ಥಿಗಳಿಗೆ ಕೊಂಡಿ ಕಳಿಸುತ್ತದೆ. ಇಪ್ಪತ್ತು ಪ್ರಶ್ನೆಗಳಿಗೆ ಸೊನ್ನೆಯಿಂದ ನಾಲ್ಕರವರೆಗಿನ ಆಯ್ಕೆಗಳು, ಇಪ್ಪತ್ತೊಂದನೆಯದು ಸಲಹೆಗಳನ್ನು ಬರೆಯುವುದಕ್ಕೆ ಬಿಟ್ಟ ಪ್ರಶ್ನೆ. ವಿಶ್ವವಿದ್ಯಾಲಯವಾದರೆ ಒಟ್ಟು ವಿದ್ಯಾರ್ಥಿಗಳ ಶೇ 10 ಅಥವಾ 500 ಮಂದಿ, ಕಾಲೇಜಾದರೆ ಶೇ 10 ಅಥವಾ 100 ಮಂದಿ, ಇವುಗಳಲ್ಲಿ ಯಾವುದು ಕಡಿಮೆಯೋ ಅಷ್ಟು ಉತ್ತರಗಳು ಬರಬೇಕು. ಬಾರದಿದ್ದರೆ ಆ ಮಾಪಕವನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ವಿಶ್ವವಿದ್ಯಾಲಯಗಳಿಗೆ ನಿಗದಿಯಾದ ಒಟ್ಟು 1,000 ಅಂಕಗಳಲ್ಲಿ 50 ಅಂಕ ಈ ಸಮೀಕ್ಷೆಯದು.

ಶೇ 5 ಎಂದರೆ ಏನು ಮಹಾ ಎನ್ನಿಸಬಹುದು. ನ್ಯಾಕ್ ಶ್ರೇಣಿ ನಿರ್ಧರಿಸುವ ನಾಲ್ಕರ ಮಾಪನಕ್ಕೆ ಇಳಿಸಿದರೆ ಅದು 0.2. ‘ಎ’ ಶ್ರೇಣಿ 3.01ಕ್ಕೆ ಶುರುವಾಗುತ್ತದೆ, ‘ಎ ಪ್ಲಸ್’ 3.26ಕ್ಕೆ, ‘ಎ ಡಬಲ್ ಪ್ಲಸ್’ 3.51ಕ್ಕೆ. ಒಂದು ಶ್ರೇಣಿಗೂ ಇನ್ನೊಂದಕ್ಕೂ ಇರುವ ಅಂತರ ಕಾಲು ಅಂಕ. ಗಡಿಯಲ್ಲಿ ನಿಂತ ಸಂಸ್ಥೆಗೆ ವಿದ್ಯಾರ್ಥಿಗಳ ಒಂದು ಕ್ಲಿಕ್ಕು ಭವಿಷ್ಯವನ್ನೇ ತಿರುಗಿಸಬಲ್ಲುದು. ಪ್ರವೇಶ, ಅನುದಾನ, ಸ್ವಾಯತ್ತತೆ, ಹೆಬ್ಬಾಗಿಲಿಗೆ ಹಾಕುವ ಫಲಕ ಎಲ್ಲವೂ ಆ ಶ್ರೇಣಿಯನ್ನು ನೆಚ್ಚಿಕೊಂಡಿವೆ. ಹಾಗಾಗಿ ಕೊಂಡಿ ಬರುವ ಮೊದಲೇ ಹಲವು ಕಾಲೇಜುಗಳಲ್ಲಿ ‘ಸಮೀಕ್ಷೆ ಕುರಿತು ಅರಿವು ಕಾರ್ಯಕ್ರಮ’ ಏರ್ಪಾಡಾಗುತ್ತದೆ. ಪ್ರಶ್ನೆಗಳು ಮೊದಲೇ ಬಹಿರಂಗವಾಗಿವೆಯಾದ್ದರಿಂದ ಒಂದೊಂದನ್ನೂ ಪರದೆಯ ಮೇಲೆ ತೋರಿಸಿ ವಿವರಿಸಲಾಗುತ್ತದೆ. ಕಾಲೇಜಿನ ಹೆಸರು ಚೆನ್ನಾಗಿದ್ದರೆ ತಾನೇ ನಿಮ್ಮ ಪದವಿಗೂ ಬೆಲೆ ಎಂದು ಯಾರಾದರೊಬ್ಬರು ನೆನಪಿಸುತ್ತಾರೆ. ಇದರಲ್ಲಿ ನಿಯಮಭಂಗವೆಂದು ಬೆರಳು ತೋರಿಸುವಂಥದ್ದೇನೂ ಇರಬೇಕಾಗಿಲ್ಲ. ಮದುವೆಮನೆಯ ಯಜಮಾನ ಕೈ ತೊಳೆಯುವ ಕಡೆಯೇ ನಿಂತು ಊಟ ಹೇಗಿತ್ತು ಎಂದು ಕೇಳಿದರೆ ಸಾರಿಗೆ ಉಪ್ಪು ಕಡಿಮೆಯಾಗಿತ್ತು ಎನ್ನುವವರು ಯಾರು?

ಈ ರೋಗ ನಮ್ಮದು ಮಾತ್ರ ಎಂದು ಕೊರಗಬೇಕಿಲ್ಲ. ಬ್ರಿಟನ್ನಿನಲ್ಲಿ ಅಂತಿಮ ವರ್ಷದ ಪದವಿ ವಿದ್ಯಾರ್ಥಿಗಳಿಗಾಗಿ 2005ರಿಂದ ‘ರಾಷ್ಟ್ರೀಯ ವಿದ್ಯಾರ್ಥಿ ಸಮೀಕ್ಷೆ’ ನಡೆಯುತ್ತಿದೆ. ಅದರ ಫಲಿತಾಂಶಗಳನ್ನು ಪತ್ರಿಕೆಗಳು ಶ್ರೇಯಾಂಕ ಪಟ್ಟಿಗಳಿಗೆ ಬಳಸುತ್ತವೆ. 2008ರಲ್ಲಿ ಲಂಡನ್ನಿನ ಕಿಂಗ್‌ಸ್ಟನ್ ವಿಶ್ವವಿದ್ಯಾಲಯದ ಮನಃಶಾಸ್ತ್ರ ವಿಭಾಗದಲ್ಲಿ ಅಧ್ಯಾಪಕರು ವಿದ್ಯಾರ್ಥಿಗಳಿಗೆ ಒಳ್ಳೆಯ ಅಂಕ ಕೊಡುವಂತೆ ಹೇಳುತ್ತಿದ್ದ ಧ್ವನಿಮುದ್ರಣ ಹೊರಬಿತ್ತು. ಕೆಟ್ಟ ಅಂಕ ಬಿದ್ದರೆ ನಿಮಗೆ ಕೆಲಸ ಕೊಡುವವರು ಯಾರು ಎಂಬುದೇ ಅಲ್ಲಿಯೂ ವಾದ. ಆ ವರ್ಷದ ಪಟ್ಟಿಯಿಂದ ವಿಭಾಗವನ್ನು ಕೈಬಿಡಲಾಯಿತು. 2017ರಲ್ಲಿ ಕತೆ ತಿರುಗಿತು. ಸಮೀಕ್ಷೆಯ ಫಲಿತಾಂಶವನ್ನು ಸರ್ಕಾರ ಬೋಧನಾ ಗುಣಮಟ್ಟದ ಹೊಸ ಶ್ರೇಣಿಗೂ, ಆ ಮೂಲಕ ಶುಲ್ಕ ಏರಿಕೆಗೂ ಜೋಡಿಸಲು ಹೊರಟಾಗ ಅಲ್ಲಿನ ವಿದ್ಯಾರ್ಥಿ ಒಕ್ಕೂಟ ಬಹಿಷ್ಕಾರಕ್ಕೆ ಕರೆ ಕೊಟ್ಟಿತು. ಆಕ್ಸ್‌ಫರ್ಡ್, ಕೇಂಬ್ರಿಜ್ ಸೇರಿ ಹತ್ತಾರು ಕಡೆ ಉತ್ತರಿಸಿದವರ ಪ್ರಮಾಣ ಶೇ 50 ಮುಟ್ಟದೆ ಫಲಿತಾಂಶವನ್ನೇ ಪ್ರಕಟಿಸಲಾಗಲಿಲ್ಲ. ಅಂಕಿಯೊಂದಕ್ಕೆ ಲಾಭನಷ್ಟ ಗಂಟು ಹಾಕಿದಷ್ಟೂ ಆ ಅಂಕಿ ಕೆಡುತ್ತ ಹೋಗುತ್ತದೆ ಎಂದು ಅಮೆರಿಕದ ಸಮಾಜವಿಜ್ಞಾನಿ ಡೊನಾಲ್ಡ್ ಕ್ಯಾಂಪ್‌ಬೆಲ್ 1970ರ ದಶಕದಲ್ಲೇ ಎಚ್ಚರಿಸಿದ್ದರು. ನಮ್ಮವರಿಗೂ ಆ ಮಾತು ಹೊಸತೇನಲ್ಲ. ಆಂತರಿಕ ಮೌಲ್ಯಮಾಪನದ ಅಂಕಗಳು ಎಲ್ಲರಿಗೂ ಇಪ್ಪತ್ತಕ್ಕೆ ಹದಿನೆಂಟು ಆಗುವುದನ್ನು ಅವರು ಕಂಡವರೇ.

ಆಮಿಷ, ಅಂಜಿಕೆಗಳನ್ನು ಪಕ್ಕಕ್ಕಿಟ್ಟು ಪ್ರಶ್ನೆಗಳನ್ನೇ ನೋಡೋಣ. ಮೊದಲನೆಯ ಪ್ರಶ್ನೆ, ಪಠ್ಯಕ್ರಮದ ಎಷ್ಟು ಭಾಗವನ್ನು ತರಗತಿಯಲ್ಲಿ ಮುಗಿಸಲಾಯಿತು ಎಂಬುದು. ಆಯ್ಕೆಗಳು ಶೇ 85ರಿಂದ 100, ಶೇ 70ರಿಂದ 84, ಹೀಗೆ. ಯಾವ ವಿಷಯದ ಪಠ್ಯ? ಸೆಮಿಸ್ಟರಿಗೆ ಆರು ಪತ್ರಿಕೆ ಓದುವವನು ಆರರ ಸರಾಸರಿಯನ್ನು ಮನಸ್ಸಿನಲ್ಲೇ ತೆಗೆಯಬೇಕು. ತರಗತಿಗೆ ಸರಿಯಾಗಿ ಬಾರದವನೂ ಉತ್ತರಿಸಬಹುದು, ಅವನ ಉತ್ತರಕ್ಕೂ ಅಷ್ಟೇ ಬೆಲೆ. ಎರಡನೆಯದು, ಅಧ್ಯಾಪಕರು ಎಷ್ಟು ಸಿದ್ಧತೆ ಮಾಡಿಕೊಂಡು ಬರುತ್ತಾರೆ ಎಂದು. ಅಲ್ಲಿ ಕೊನೆಯ ಆಯ್ಕೆ ‘ಪಾಠವನ್ನೇ ಮಾಡುವುದಿಲ್ಲ’ ಎಂದಿದೆ. ವಿಭಾಗದಲ್ಲಿ ಏಳು ಮಂದಿ ಅಧ್ಯಾಪಕರಿದ್ದು ಇಬ್ಬರು ಅದ್ಭುತವಾಗಿ, ಒಬ್ಬರು ಏನೂ ಮಾಡದೆ ಇದ್ದರೆ ಯಾವುದನ್ನು ಒತ್ತಬೇಕು? ಎಂಟನೆಯ ಪ್ರಶ್ನೆಯಲ್ಲಿ ನಿಮ್ಮ ಸಂಸ್ಥೆಯ ಬೋಧನೆ ಮತ್ತು ಮಾರ್ಗದರ್ಶನ ನಿಮ್ಮ ಬೌದ್ಧಿಕ, ಸಾಮಾಜಿಕ, ಭಾವನಾತ್ಮಕ ಬೆಳವಣಿಗೆಗೆ ನೆರವಾಗಿದೆಯೇ ಎಂದಿದೆ. ಎರಡು ಕಾರಣ, ಮೂರು ಪರಿಣಾಮ, ಉತ್ತರ ಒಂದು. ಸಮೀಕ್ಷಾ ಶಾಸ್ತ್ರದ ಮೊದಲ ಪಾಠದಲ್ಲೇ ಮಾಡಬಾರದು ಎಂದು ಹೇಳಿಕೊಡುವ ತಪ್ಪಿದು. ಇಪ್ಪತ್ತನೆಯದಂತೂ ನಿಮ್ಮ ಸಂಸ್ಥೆಯ ಬೋಧನೆ ಮತ್ತು ಕಲಿಕೆಯ ಒಟ್ಟಾರೆ ಗುಣಮಟ್ಟ ಬಹಳ ಚೆನ್ನಾಗಿದೆ ಎಂಬ ಹೇಳಿಕೆ. ಒಪ್ಪುವುದೋ ಬಿಡುವುದೋ ನಿಮಗೆ ಬಿಟ್ಟದ್ದು. ಹೇಳಿಕೆ ಮುಂದಿಟ್ಟರೆ ಒಪ್ಪಿಬಿಡುವ ಪ್ರವೃತ್ತಿ ಜನರಲ್ಲಿದೆ ಎಂಬುದು ಸಮೀಕ್ಷೆ ಮಾಡುವವರಿಗೆಲ್ಲ ಗೊತ್ತು. ಬ್ರಿಟನ್ನಿನ ಸಮೀಕ್ಷೆ 2023ರಲ್ಲಿ ಒಪ್ಪುತ್ತೇನೆ, ಒಪ್ಪುವುದಿಲ್ಲ ಎಂಬ ಬಗೆಯ ಹೇಳಿಕೆಗಳನ್ನು ಬಿಟ್ಟು ನೇರ ಪ್ರಶ್ನೆಗಳಿಗೆ ಬಂತು. ‘ಒಟ್ಟಾರೆ ತೃಪ್ತಿ’ಯ ಪ್ರಶ್ನೆಯನ್ನು ಇಂಗ್ಲೆಂಡಿನಲ್ಲಿ ತೆಗೆದೇ ಹಾಕಲಾಯಿತು.

ಇಪ್ಪತ್ತೂ ಪ್ರಶ್ನೆಗಳನ್ನು ಒಟ್ಟಿಗೆ ಓದಿದರೆ ಇನ್ನೊಂದು ವಿಷಯ ಗಮನಕ್ಕೆ ಬರುತ್ತದೆ. ಬಹುತೇಕ ಎಲ್ಲದರಲ್ಲೂ ಕರ್ತೃ ಅಧ್ಯಾಪಕರು ಅಥವಾ ಸಂಸ್ಥೆ. ಅಧ್ಯಾಪಕರು ಉದಾಹರಣೆ ಕೊಡುತ್ತಾರೆಯೇ, ಸಂಸ್ಥೆ ಅವಕಾಶ ಒದಗಿಸುತ್ತದೆಯೇ, ಮಾರ್ಗದರ್ಶಕರು ವಿಚಾರಿಸುತ್ತಾರೆಯೇ, ಎಷ್ಟು ಮಂದಿ ಪ್ರೊಜೆಕ್ಟರ್ ಬಳಸುತ್ತಾರೆ. ವಿದ್ಯಾರ್ಥಿ ಏನನ್ನು ಮಾಡಿದ? ವಾರಕ್ಕೆ ಎಷ್ಟು ಗಂಟೆ ಓದಿದ? ಯಾವತ್ತಾದರೂ ಪ್ರಶ್ನೆ ಕೇಳಿದನೇ? ಇದರ ಸುಳಿವೇ ಇಲ್ಲ.

ಹಾಗೆ ಕೇಳುವ ಪರಂಪರೆ ಬೇರೊಂದು ಕಡೆ ಬೆಳೆಯಿತು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ರಾಬರ್ಟ್ ಪೇಸ್ 1979ರಲ್ಲಿ ಪ್ರಶ್ನಾವಳಿಯೊಂದನ್ನು ರೂಪಿಸಿದರು. ಕಾಲೇಜು ಏನು ಕೊಟ್ಟಿತು ಎಂಬುದರ ಜೊತೆಗೆ ವಿದ್ಯಾರ್ಥಿ ಹಾಕಿದ ಶ್ರಮದ ಗುಣಮಟ್ಟವನ್ನೂ ಕೇಳಬೇಕು ಎಂಬುದು ಅವರ ಹಟ. ಅದೇ ವಿಶ್ವವಿದ್ಯಾಲಯದ ಅಲೆಕ್ಸಾಂಡರ್ ಆಸ್ಟಿನ್ 1984ರಲ್ಲಿ ಈ ವಿಚಾರಕ್ಕೆ ಸಿದ್ಧಾಂತದ ರೂಪ ಕೊಟ್ಟರು: ದೇಹ, ಮನಸ್ಸು ಎರಡರ ಶಕ್ತಿಯನ್ನೂ ಎಷ್ಟು ತೊಡಗಿಸಿದರೆ ಅಷ್ಟು ಕಲಿಕೆ. ಇದರ ಮೇಲೆ ನಿಂತದ್ದು ಅಮೆರಿಕದ ‘ವಿದ್ಯಾರ್ಥಿ ತೊಡಗಿಕೊಳ್ಳುವಿಕೆಯ ರಾಷ್ಟ್ರೀಯ ಸಮೀಕ್ಷೆ’. ಬಲ್ಲವರು ಅದನ್ನು ‘ನೆಸ್ಸಿ’ ಎನ್ನುತ್ತಾರೆ. ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ ಜಾರ್ಜ್ ಕೂ ಅವರ ನೇತೃತ್ವದಲ್ಲಿ 2000ದಲ್ಲಿ ಆರಂಭವಾದ ಇದರಲ್ಲಿ ಅಮೆರಿಕ ಮತ್ತು ಕೆನಡಾದ 1,600ಕ್ಕೂ ಹೆಚ್ಚು ಸಂಸ್ಥೆಗಳು ಭಾಗವಹಿಸಿವೆ. ಹೆಸರು, ಹಣ, ಪ್ರತಿಷ್ಠೆಗಳ ಮೇಲೆ ಕಾಲೇಜುಗಳಿಗೆ ಶ್ರೇಯಾಂಕ ಕೊಡುತ್ತಿದ್ದ ಪತ್ರಿಕೆಗಳ ಪಟ್ಟಿಗೆ ಉತ್ತರವಾಗಿ ಹುಟ್ಟಿದ ಪ್ರಯತ್ನವಿದು. ಆಸ್ಟ್ರೇಲಿಯಾ, ದಕ್ಷಿಣ ಆಫ್ರಿಕಾ, ಚೀನಾ, ಐರ್ಲೆಂಡ್‌ಗಳಲ್ಲಿ ಇದರ ಸೋದರ ಸಮೀಕ್ಷೆಗಳು ಹುಟ್ಟಿಕೊಂಡವು.

ನೆಸ್ಸಿ ಕೇಳುವುದು ಮೊದಲ ವರ್ಷದವರನ್ನೂ ಕೊನೆಯ ವರ್ಷದವರನ್ನೂ. ಈ ವರ್ಷ ತರಗತಿಯಲ್ಲಿ ಎಷ್ಟು ಸಲ ಪ್ರಶ್ನೆ ಕೇಳಿದಿರಿ ಅಥವಾ ಚರ್ಚೆಯಲ್ಲಿ ಮಾತನಾಡಿದಿರಿ? ಓದಿಕೊಳ್ಳದೆ ಎಷ್ಟು ಸಲ ತರಗತಿಗೆ ಬಂದಿರಿ? ಪಾಠವನ್ನು ಸಹಪಾಠಿಗೆ ವಿವರಿಸಿ ಹೇಳಿದ್ದುಂಟೇ? ಅಧ್ಯಾಪಕರ ಬಳಿ ಮುಂದಿನ ಕೆಲಸದ ಬಗ್ಗೆ ಮಾತನಾಡಿದ್ದುಂಟೇ? ನಿಮ್ಮದಕ್ಕಿಂತ ಬೇರೆ ಜನಾಂಗ, ಧರ್ಮ, ರಾಜಕೀಯ ನಿಲುವಿನವರ ಜೊತೆ ಚರ್ಚಿಸಿದ್ದುಂಟೇ? ಆಮೇಲೆ ವಾರದ ಲೆಕ್ಕ: ಓದಲು ಎಷ್ಟು ಗಂಟೆ, ಸಂಬಳದ ಕೆಲಸಕ್ಕೆ ಎಷ್ಟು, ಮನೆಯವರನ್ನು ನೋಡಿಕೊಳ್ಳಲು ಎಷ್ಟು, ಪ್ರಯಾಣಕ್ಕೆ ಎಷ್ಟು, ಸುಮ್ಮನೆ ಕಾಲ ಕಳೆಯಲು ಎಷ್ಟು. ಈ ಕೊನೆಯ ಗುಂಪಿನ ಪ್ರಶ್ನೆಗಳನ್ನು ನಾನು ಎಲ್ಲಕ್ಕಿಂತ ಹೆಚ್ಚು ಮೆಚ್ಚುತ್ತೇನೆ. ಅವು ವಿದ್ಯಾರ್ಥಿಯನ್ನು ಹೊಗಳುವ ಅಥವಾ ದೂರುವ ಸ್ಥಾನದಲ್ಲಿ ನಿಲ್ಲಿಸುವುದಿಲ್ಲ, ಅವನ ಏಳು ದಿನಗಳನ್ನು ಕೇಳುತ್ತವೆ.

ಹಾಗೆಂದು ನೆಸ್ಸಿಯನ್ನು ತಂದು ಇಲ್ಲಿ ನೆಟ್ಟರೆ ಎಲ್ಲ ಸರಿಹೋಗುತ್ತದೆ ಎಂದು ತಿಳಿಯಬಾರದು. ಅದರ ಮೇಲಿನ ಟೀಕೆಗಳು ಗಟ್ಟಿಯಾಗಿವೆ. ‘ಆಗಾಗ’, ‘ಕೆಲವೊಮ್ಮೆ’, ‘ಎಂದೂ ಇಲ್ಲ’ ಎಂಬ ಆಯ್ಕೆಗಳನ್ನು ಒಬ್ಬೊಬ್ಬರು ಒಂದೊಂದು ಬಗೆಯಲ್ಲಿ ಅರ್ಥ ಮಾಡಿಕೊಳ್ಳುತ್ತಾರೆ. ಮಾತುಗಾರನಿಗೆ ವಾರಕ್ಕೆ ಎರಡು ಪ್ರಶ್ನೆ ‘ಕೆಲವೊಮ್ಮೆ’ಯಾದರೆ, ನಾಚಿಕೆಯ ಸ್ವಭಾವದವಳಿಗೆ ಸೆಮಿಸ್ಟರಿಗೆ ಎರಡು ಪ್ರಶ್ನೆಯೇ ‘ಆಗಾಗ’. ಸಮೀಕ್ಷೆ ಮಾತ್ರ ಇವನ್ನು 40, 20, 0 ಎಂಬ ಅಂಕಗಳಾಗಿ ಬದಲಿಸಿ ಸರಾಸರಿ ತೆಗೆಯುತ್ತದೆ. 2011ರಲ್ಲಿ ಸ್ಟೀಫನ್ ಪೋರ್ಟರ್ ಎಂಬ ಸಂಶೋಧಕರು ಕಾಲೇಜು ಸಮೀಕ್ಷೆಗಳಿಗೆ ಸಿಂಧುತ್ವವಾದರೂ ಇದೆಯೇ ಎಂದೇ ಕೇಳಿದರು. ಸಾಮಾನ್ಯ ಮನುಷ್ಯನ ನೆನಪು ಒಂದಿಡೀ ವರ್ಷದ ಸಣ್ಣಪುಟ್ಟ ವರ್ತನೆಗಳನ್ನು ಎಣಿಸಿಟ್ಟುಕೊಂಡಿರುವುದಿಲ್ಲ, ತನ್ನ ಬಗ್ಗೆ ತನಗಿರುವ ಅಭಿಪ್ರಾಯದಿಂದ ಉತ್ತರವನ್ನು ಕಟ್ಟಿಕೊಳ್ಳುತ್ತದೆ ಎಂಬುದು ಅವರ ವಾದದ ತಿರುಳು. ನೆಸ್ಸಿಯ ಸಮರ್ಥಕರು ಇದಕ್ಕೆ ಉತ್ತರಗಳನ್ನು ಕೊಟ್ಟಿದ್ದಾರೆ. ಆದರೆ ನೆನಪಿನ ವಿಷಯದಲ್ಲಿ ಪೋರ್ಟರ್ ಹೇಳಿದ್ದನ್ನು ನನಗೆ ತಳ್ಳಿಹಾಕಲು ಆಗುವುದಿಲ್ಲ. ‘ಈ ವರ್ಷ’ ಎಂದು ಕೇಳುವ ಬದಲು ‘ಕಳೆದ ಏಳು ದಿನಗಳಲ್ಲಿ’ ಎಂದು ಕೇಳುವುದು, ಹಬ್ಬ ಅಥವಾ ಪರೀಕ್ಷೆ ಇಲ್ಲದ ವಾರ ನೋಡಿ ಕೇಳುವುದು, ಈ ದೋಷವನ್ನು ಸ್ವಲ್ಪ ಮಟ್ಟಿಗೆ ಕಡಿಮೆ ಮಾಡೀತು.

ತೃಪ್ತಿ ಮತ್ತು ಕಲಿಕೆ ಎಷ್ಟು ದೂರ ಸರಿಯಬಲ್ಲವು ಎಂಬುದಕ್ಕೆ ಹಾರ್ವರ್ಡ್‌ನಲ್ಲಿ ನಡೆದು 2019ರಲ್ಲಿ ಪ್ರಕಟವಾದ ಪ್ರಯೋಗವೊಂದು ಒಳ್ಳೆಯ ಸಾಕ್ಷಿ. ಭೌತಶಾಸ್ತ್ರದ ಆರಂಭಿಕ ತರಗತಿಯ ವಿದ್ಯಾರ್ಥಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ನುರಿತ ಅಧ್ಯಾಪಕರಿಂದ ನಯವಾದ ಉಪನ್ಯಾಸ ಕೊಡಿಸಿದರು. ಇನ್ನೊಂದು ಗುಂಪು ಅದೇ ಪಾಠವನ್ನು ಚಿಕ್ಕ ಚಿಕ್ಕ ತಂಡಗಳಲ್ಲಿ ಲೆಕ್ಕ ಬಿಡಿಸುತ್ತ, ಎಡವುತ್ತ ಕಲಿಯಿತು. ಮುಂದಿನ ಪಾಠಕ್ಕೆ ಗುಂಪುಗಳನ್ನು ಅದಲುಬದಲು ಮಾಡಿದರು. ಪರೀಕ್ಷೆಯಲ್ಲಿ ಹೆಚ್ಚು ಅಂಕ ಪಡೆದದ್ದು ತಾವೇ ಬಿಡಿಸಿದವರು. ಹೆಚ್ಚು ಕಲಿತೆವು ಎಂದು ಹೇಳಿದ್ದು ಉಪನ್ಯಾಸ ಕೇಳಿದವರು. ಕಷ್ಟಪಟ್ಟು ಕಲಿಯುವಾಗ ಗೊಂದಲ ಎದ್ದು ಕಾಣುತ್ತದೆ, ಸಲೀಸಾದ ಉಪನ್ಯಾಸ ಕೇಳುವಾಗ ಎಲ್ಲ ತಿಳಿದಂತೆ ತೋರುತ್ತದೆ. ನಮ್ಮಲ್ಲಿ ನೋಟ್ಸ್ ಬರೆಸುವ ಅಧ್ಯಾಪಕರು ಜನಪ್ರಿಯರು, ಪ್ರಶ್ನೆ ಕೇಳಿ ನಿಲ್ಲಿಸುವವರು ಅಪ್ರಿಯರು. ಸಂತೃಪ್ತಿಯ ಅಂಕ ಹೆಚ್ಚಿಸಿಕೊಳ್ಳಲು ಹೊರಟ ವಿಭಾಗ ಯಾರನ್ನು ಮುಂದೆ ಬಿಡುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಇನ್ನು ಸಂಖ್ಯೆಯ ವಿಷಯ. 12,000 ವಿದ್ಯಾರ್ಥಿಗಳಿರುವ ವಿಶ್ವವಿದ್ಯಾಲಯವೊಂದನ್ನು ಊಹಿಸಿಕೊಳ್ಳಿ. ಶೇ 10 ಎಂದರೆ 1,200. 500 ಅದಕ್ಕಿಂತ ಕಡಿಮೆಯಾದ್ದರಿಂದ 500 ಸಾಕು, ಅಂದರೆ ನೂರಕ್ಕೆ ನಾಲ್ಕು ಮಂದಿ. ಮೂರು ಸಾವಿರ ಮಕ್ಕಳ ಕಾಲೇಜಿಗೆ 100 ಸಾಕು. ಇಷ್ಟು ಕಡಿಮೆ ಜನರಿಂದ ಏನು ತಿಳಿಯುತ್ತದೆ ಎಂದು ಹುಬ್ಬೇರಿಸುವವರಿದ್ದಾರೆ. ಆ ಆಕ್ಷೇಪ ಅರ್ಧ ಮಾತ್ರ ಸರಿ. ಚೀಟಿ ಎತ್ತಿದಂತೆ ಆರಿಸಿದ 500 ಮಂದಿಯಾದರೆ ತಪ್ಪಿನ ಅಂತರ ಆಚೀಚೆ ಶೇ 4.4ರಷ್ಟು, 100 ಮಂದಿಯಾದರೆ ಸುಮಾರು ಶೇ 10ರಷ್ಟು. ಸಾಮಾನ್ಯ ನಿರ್ಧಾರಗಳಿಗೆ 500 ಸಾಲುತ್ತದೆ. ಕೆಡುವುದು ಆ 500 ಮಂದಿ ಯಾರು ಎಂಬಲ್ಲಿ. ಕೊಂಡಿ ಎಲ್ಲರಿಗೂ ಹೋಗುತ್ತದೆ, ಒತ್ತುವವರು ಇಮೇಲ್ ತೆರೆಯುವವರು, ತರಗತಿ ಪ್ರತಿನಿಧಿಗಳು, ಅಧ್ಯಾಪಕರ ಮಾತು ಕೇಳುವವರು. ತೊಡಗಿಕೊಂಡವರೇ ತೊಡಗಿಕೊಳ್ಳುವಿಕೆಯ ಸಮೀಕ್ಷೆಗೆ ಉತ್ತರಿಸುತ್ತಾರೆ. ಹಿಂದಿನ ಬೆಂಚಿನವನು, ಸಂಜೆ ಪೆಟ್ರೋಲ್ ಬಂಕಿನಲ್ಲಿ ಕೆಲಸ ಮಾಡಿ ಬೆಳಿಗ್ಗೆ ಏಳಲಾಗದವನು, ಮನೆಯಲ್ಲಿ ಒಂದೇ ಮೊಬೈಲ್ ಇರುವವಳು ಸಮೀಕ್ಷೆಯಲ್ಲೂ ಗೈರುಹಾಜರು. ಅಮೆರಿಕದಲ್ಲೂ ನೆಸ್ಸಿಗೆ ಉತ್ತರಿಸುವವರ ಪ್ರಮಾಣ ವರ್ಷಗಳು ಕಳೆದಂತೆ ಕುಸಿದಿದೆ. ಹತ್ತು ಸಾವಿರ ಮಂದಿಗೆ ಕೊಂಡಿ ಕಳಿಸಿ ಬಂದಷ್ಟು ಎಣಿಸಿಕೊಳ್ಳುವುದಕ್ಕಿಂತ, ಪಟ್ಟಿಯಿಂದ ಮುನ್ನೂರು ಹೆಸರು ಎತ್ತಿ ಆ ಮುನ್ನೂರೂ ಮಂದಿಯನ್ನು ಹುಡುಕಿಕೊಂಡು ಹೋಗಿ ಕೇಳುವುದು ಮೇಲು. ಶ್ರಮ ಹೆಚ್ಚು, ಆದ್ದರಿಂದ ಯಾರೂ ಮಾಡುವುದಿಲ್ಲ.

ಹುಡುಕಿಕೊಂಡು ಹೋಗುವ ಪದ್ಧತಿ ನಮ್ಮ ದೇಶಕ್ಕೆ ಹೊಸತೂ ಅಲ್ಲ. ‘ಪ್ರಥಮ್’ ಸಂಸ್ಥೆ 2005ರಲ್ಲಿ ಆರಂಭಿಸಿದ ‘ಅಸರ್’ ಸಮೀಕ್ಷೆಯ ಸ್ವಯಂಸೇವಕರು ಶಾಲೆಯ ಹಾಜರಿ ಪುಸ್ತಕವನ್ನು ನಂಬದೆ ಹಳ್ಳಿಯ ಮನೆಗಳಿಗೆ ಹೋಗುತ್ತಾರೆ. ಶಾಲೆ ಹೇಗಿದೆ ಎಂದು ಮಗುವನ್ನು ಕೇಳಿ ಸುಮ್ಮನಾಗುವುದಿಲ್ಲ, ಎರಡನೆಯ ತರಗತಿಯ ಪಠ್ಯ ಕೈಗಿತ್ತು ಓದು ಎನ್ನುತ್ತಾರೆ. ಪ್ರಾಥಮಿಕ ಶಿಕ್ಷಣದ ಚರ್ಚೆಯ ದಿಕ್ಕನ್ನೇ ಬದಲಿಸಿದ ಈ ಸರಳ ಉಪಾಯ ಪದವಿ ಶಿಕ್ಷಣದ ಹೊಸ್ತಿಲನ್ನು ಇನ್ನೂ ದಾಟಿಲ್ಲ.

ನೆಸ್ಸಿಯ ಎರಡು ದಶಕಗಳ ದತ್ತಾಂಶದಿಂದ ಹೊರಬಂದ ಒಂದು ಸಂಗತಿ ನಮ್ಮ ಆಡಳಿತಗಾರರಿಗೆ ತಲುಪಬೇಕು. ವಿದ್ಯಾರ್ಥಿಗಳ ತೊಡಗಿಕೊಳ್ಳುವಿಕೆಯಲ್ಲಿ ಕಾಣುವ ಒಟ್ಟು ವ್ಯತ್ಯಾಸದಲ್ಲಿ ಒಂದು ಸಂಸ್ಥೆಗೂ ಇನ್ನೊಂದು ಸಂಸ್ಥೆಗೂ ನಡುವಿನ ಪಾಲು ಶೇ 10ಕ್ಕಿಂತ ಕಡಿಮೆ. ಉಳಿದದ್ದೆಲ್ಲ ಒಂದೇ ಕ್ಯಾಂಪಸ್ಸಿನೊಳಗೆ ಒಬ್ಬ ವಿದ್ಯಾರ್ಥಿಗೂ ಇನ್ನೊಬ್ಬ ವಿದ್ಯಾರ್ಥಿಗೂ ಇರುವ ವ್ಯತ್ಯಾಸ. ಅಂದಮೇಲೆ ಯಾವ ಕಾಲೇಜು ಮೇಲು ಎಂದು ಸರಾಸರಿಗಳನ್ನು ಹೋಲಿಸಿ ಶ್ರೇಣಿ ಕೊಡುವುದರಲ್ಲಿ ಅರ್ಥವಿಲ್ಲ. ನಮ್ಮ ಕಾಲೇಜಿನೊಳಗೆ ಯಾರು ದೂರ ಉಳಿದಿದ್ದಾರೆ ಎಂದು ಕೇಳಿಕೊಳ್ಳಬೇಕು. ನೆಸ್ಸಿಯವರು ಸಂಸ್ಥೆಗಳ ಅಂಕಗಳನ್ನು ತಾವಾಗಿ ಪ್ರಕಟಿಸದೆ ಆಯಾ ಸಂಸ್ಥೆಗೇ ಒಪ್ಪಿಸುವುದಕ್ಕೆ ಇದೂ ಒಂದು ಸಮರ್ಥನೆ.

ಕರ್ನಾಟಕದಲ್ಲಿ ಈ ಒಳವ್ಯತ್ಯಾಸ ಎಲ್ಲೆಲ್ಲಿ ಅಡಗಿದೆ ಎಂದು ಊಹಿಸುವುದು ಕಷ್ಟವಲ್ಲ. ಕನ್ನಡ ಮಾಧ್ಯಮದಲ್ಲಿ ಪಿಯುಸಿ ಮುಗಿಸಿ ಬಿ.ಕಾಂ. ಅಥವಾ ಬಿ.ಎಸ್ಸಿ.ಗೆ ಬಂದವಳು ತರಗತಿಯಲ್ಲಿ ಬಾಯಿ ತೆರೆಯದಿರುವುದಕ್ಕೆ ಕಾರಣ ಸೋಮಾರಿತನವಲ್ಲ, ಇಂಗ್ಲಿಷಿನಲ್ಲಿ ತಪ್ಪು ಮಾತನಾಡಿ ನಗೆಪಾಟಲಾಗುವ ಭಯ. ಹಾಸ್ಟೆಲಿನಲ್ಲಿರುವವರಿಗೂ ಹಳ್ಳಿಯಿಂದ ಬಸ್ಸಿನಲ್ಲಿ ಬರುವವರಿಗೂ ಗ್ರಂಥಾಲಯದ ಸಮಯ ಒಂದೇ ಅಲ್ಲ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳ ಬಸ್ ಖರ್ಚು ಉಳಿಯಿತು, ಬಸ್ಸಿಗೆ ಕಾಯುವ ಹೊತ್ತು ಉಳಿಯಿತೇ? ವಾರಕ್ಕೆ ಪ್ರಯಾಣ ಎಷ್ಟು ಗಂಟೆ ಎಂಬ ಒಂದೇ ಪ್ರಶ್ನೆ ಇದ್ದರೆ ಬೆಳಗಿನ ಮೊದಲ ಪೀರಿಯಡ್ ಏಕೆ ಖಾಲಿ ಎಂಬುದು ಪ್ರಾಂಶುಪಾಲರಿಗೆ ತಿಳಿಯುತ್ತದೆ. ಆಮೇಲೆ ವೇಳಾಪಟ್ಟಿಯನ್ನು ಅರ್ಧ ಗಂಟೆ ಮುಂದಕ್ಕೆ ಹಾಕಬಹುದು, ಇಲ್ಲವೇ ಡಿಪೋ ಮ್ಯಾನೇಜರಿಗೆ ಪತ್ರ ಬರೆಯಬಹುದು. ಅಧ್ಯಾಪಕರ ಜೊತೆ ತರಗತಿಯ ಹೊರಗೆ ಮಾತನಾಡಿದಿರಾ ಎಂಬ ಪ್ರಶ್ನೆಯೂ ಹಾಗೆಯೇ. ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ಪಾಠದ ದೊಡ್ಡ ಭಾರ ಹೊತ್ತಿರುವವರು ಹತ್ತು ಸಾವಿರಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರು. ವಾರಕ್ಕೆ ಇಷ್ಟು ತಾಸು ಎಂದು ಲೆಕ್ಕ ಹಾಕಿ ಕರೆಸಿಕೊಂಡವರಿಂದ ಸಂಜೆ ಕುಳಿತು ಹುಡುಗರ ಅನುಮಾನ ಬಗೆಹರಿಸುವುದನ್ನು ನಿರೀಕ್ಷಿಸುವುದು ಹೇಗೆ? ಆ ಪ್ರಶ್ನೆಗೆ ಬರುವ ‘ಎಂದೂ ಇಲ್ಲ’ ಎಂಬ ಉತ್ತರ ಅಧ್ಯಾಪಕರನ್ನು ದೂರುವುದಿಲ್ಲ, ನೇಮಕಾತಿಯ ಕಡತವನ್ನು ತೋರಿಸುತ್ತದೆ.

ನಾಲ್ಕು ವರ್ಷದ ಪದವಿ 2021ರಲ್ಲಿ ಬಂತು, 2024-25ರಿಂದ ಮತ್ತೆ ಮೂರು ವರ್ಷದ ಪದವಿಗೆ ಮರಳಿದೆವು. ಬಂದಾಗಲೂ ಹೋದಾಗಲೂ ವಾದಗಳು ಬಹುಮಟ್ಟಿಗೆ ರಾಜಕೀಯದ ಭಾಷೆಯಲ್ಲೇ ನಡೆದವು. ಮುಕ್ತ ಆಯ್ಕೆಯ ವಿಷಯಗಳನ್ನು ಹುಡುಗರು ನಿಜಕ್ಕೂ ಆಸಕ್ತಿಯಿಂದ ಓದಿದರೇ, ಅಥವಾ ವೇಳಾಪಟ್ಟಿಗೆ ಹೊಂದಿದ್ದನ್ನು ತೆಗೆದುಕೊಂಡರೇ? ವರ್ಷ ವರ್ಷವೂ ಒಂದೇ ಬಗೆಯ ಪ್ರಶ್ನೆಗಳನ್ನು ಕೇಳುವ ಒಂದು ಸಮೀಕ್ಷೆ ಇದ್ದಿದ್ದರೆ ಎರಡೂ ಪಕ್ಷಗಳಿಗೆ ಮುಜುಗರ ತರುವಂಥ ಒಂದೆರಡು ಅಂಕಿಗಳಾದರೂ ಸಿಗುತ್ತಿದ್ದವು.

ಈಗ ಮಾನ್ಯತೆಯ ವ್ಯವಸ್ಥೆಯೇ ಬದಲಾಗುವ ಹಂತದಲ್ಲಿದೆ. ಅಕ್ಷರ ಶ್ರೇಣಿಗಳ ಬದಲು ಮಾನ್ಯತೆ ಇದೆ ಅಥವಾ ಇಲ್ಲ ಎಂದಷ್ಟೇ ಹೇಳುವ ಪದ್ಧತಿಗೆ ಹೋಗುವುದಾಗಿ, ಅದರ ಮೇಲೆ ಒಂದರಿಂದ ಐದರವರೆಗಿನ ಹಂತಗಳನ್ನು ತರುವುದಾಗಿ ನ್ಯಾಕ್ 2024ರಲ್ಲಿ ಪ್ರಕಟಿಸಿತು. 2025ರ ಫೆಬ್ರುವರಿಯಲ್ಲಿ ಆಂಧ್ರಪ್ರದೇಶದ ಸಂಸ್ಥೆಯೊಂದಕ್ಕೆ ಉತ್ತಮ ಶ್ರೇಣಿ ಕೊಡಲು ಲಂಚ ಪಡೆದ ಆರೋಪದಲ್ಲಿ ಪರಿಶೀಲನಾ ತಂಡದ ಸದಸ್ಯರನ್ನು ಸಿಬಿಐ ಬಂಧಿಸಿದ ಮೇಲೆ ಭೇಟಿ ಆಧಾರಿತ ಪದ್ಧತಿಯ ಮೇಲಿನ ವಿಶ್ವಾಸ ಇನ್ನಷ್ಟು ಕುಗ್ಗಿತು. ಭೇಟಿಯ ತೂಕ ಇಳಿದಷ್ಟೂ ದತ್ತಾಂಶದ, ಅದರಲ್ಲೂ ವಿದ್ಯಾರ್ಥಿಗಳಿಂದ ಬರುವ ಮಾಹಿತಿಯ ತೂಕ ಏರುತ್ತದೆ. ಒಳ್ಳೆಯದೇ, ಆದರೆ ತೂಕ ಏರಿದಲ್ಲಿ ಒತ್ತಡವೂ ಏರುತ್ತದೆ. ವಿದ್ಯಾರ್ಥಿಗಳ ಉತ್ತರದ ಮೌಲ್ಯಕ್ಕೆ ಅಂಕ ಕೊಡುವುದನ್ನು ನಿಲ್ಲಿಸಿ, ಉತ್ತರ ಪಡೆದ ಮೇಲೆ ಸಂಸ್ಥೆ ಏನು ಮಾಡಿತು ಎಂಬುದಕ್ಕೆ ಅಂಕ ಕೊಡುವುದು ನನ್ನ ದೃಷ್ಟಿಯಲ್ಲಿ ಸರಿಯಾದ ದಾರಿ. ಶೇ 40 ಮಂದಿ ವಾರಕ್ಕೆ ಒಂದು ಗಂಟೆಯೂ ಓದುವುದಿಲ್ಲ ಎಂದು ತೋರಿಸಿದ ಕಾಲೇಜಿಗೆ ಶಿಕ್ಷೆ ಆಗಬಾರದು. ಅದನ್ನು ತೋರಿಸಿಯೂ ಎರಡು ವರ್ಷ ಕೈಕಟ್ಟಿ ಕೂತ ಕಾಲೇಜಿಗೆ ಆಗಬೇಕು. ಹೀಗೆ ಮಾಡಿದರೂ ಮೋಸಕ್ಕೆ ದಾರಿ ಪೂರ್ತಿ ಮುಚ್ಚುವುದಿಲ್ಲ, ಮಾಡಿದ ಕೆಲಸದ ಸುಳ್ಳು ವರದಿ ಬರೆಯುವವರು ಇದ್ದೇ ಇರುತ್ತಾರೆ. ಆದರೆ ವಿದ್ಯಾರ್ಥಿಯ ಕೈಯಿಂದ ಸುಳ್ಳು ಹೇಳಿಸುವ ಅಗತ್ಯವಂತೂ ತಪ್ಪುತ್ತದೆ.

ವಿಶ್ವವಿದ್ಯಾಲಯವೊಂದು ಯಾರ ಅಪ್ಪಣೆಗೂ ಕಾಯದೆ ತಾನೇ ಮಾಡಬಹುದಾದದ್ದೂ ಇದೆ. ಪ್ರಶ್ನೆಗಳು ಕನ್ನಡದಲ್ಲೂ ಇರಲಿ, ಹತ್ತು ಹನ್ನೆರಡಕ್ಕೆ ಮೀರದಿರಲಿ. ಅಂತಿಮಗೊಳಿಸುವ ಮೊದಲು ಏಳೆಂಟು ವಿದ್ಯಾರ್ಥಿಗಳನ್ನು ಕೂರಿಸಿ, ಪ್ರಶ್ನೆ ಓದಿ, ಇದರಿಂದ ನಿಮಗೆ ಏನು ಅರ್ಥವಾಯಿತು ಎಂದು ಹೇಳಿಸಬೇಕು. ಸಮೀಕ್ಷೆ ರೂಪಿಸುವವರು ಎಲ್ಲ ಕಡೆ ಮಾಡುವ ಈ ಸಣ್ಣ ಪರೀಕ್ಷೆ ನಮ್ಮಲ್ಲಿ ಬಹುತೇಕ ತಪ್ಪಿಹೋಗುತ್ತದೆ. ಸೆಮಿಸ್ಟರಿನ ಕೊನೆಯಲ್ಲಿ ಕೇಳಿದರೆ ಅದರ ಫಲ ಮುಂದಿನ ತಂಡಕ್ಕೆ. ಐದನೆಯ ವಾರ ಕೇಳಿದರೆ ಉತ್ತರಿಸಿದವರೇ ಬದಲಾವಣೆ ಕಾಣಬಹುದು. ಹೆಸರು, ನೋಂದಣಿ ಸಂಖ್ಯೆ ಬೇಡ, ಆದರೆ ಪಿಯುಸಿಯ ಮಾಧ್ಯಮ, ಮನೆಯಿಂದ ಬರುವ ದೂರ, ಸಂಬಳದ ಕೆಲಸ ಇದೆಯೇ ಎಂಬ ಮೂರು ವಿವರ ಬೇಕು. ಇವಿಲ್ಲದೆ ಯಾರು ದೂರ ಉಳಿದರು ಎಂಬುದು ತಿಳಿಯುವುದಿಲ್ಲ. ಇಪ್ಪತ್ತು ಮಂದಿಯ ಸ್ನಾತಕೋತ್ತರ ವಿಭಾಗದಲ್ಲಿ ಈ ಮೂರೇ ಸಾಕು ಒಬ್ಬರನ್ನು ಗುರುತು ಹಿಡಿಯಲು. ಅಲ್ಲಿ ಸಮೀಕ್ಷೆ ಬಿಟ್ಟು ಎದುರು ಕೂತು ಮಾತನಾಡುವುದೇ ಲೇಸು.

ಕೊನೆಯದಾಗಿ ಆ ಇಪ್ಪತ್ತೊಂದನೆಯ ಪ್ರಶ್ನೆ. ಬೋಧನೆ ಮತ್ತು ಕಲಿಕೆ ಸುಧಾರಿಸಲು ಮೂರು ಸಲಹೆ ಕೊಡಿ ಎಂದು ಅಲ್ಲಿ ಕೇಳಲಾಗುತ್ತದೆ. ಪೈ ಚಾರ್ಟ್ ಬಿಡಿಸಲಾಗದ ಕಾರಣಕ್ಕೋ ಏನೋ, ಕಾಲೇಜುಗಳ ಸ್ವಂತ ವರದಿಗಳಲ್ಲಿ ಅದಕ್ಕೆ ಸಿಗುವ ಜಾಗ ಬಹಳ ಕಡಿಮೆ. ಪ್ರಯೋಗಾಲಯದಲ್ಲಿ ಕೆಟ್ಟ ಉಪಕರಣ, ಸಂಜೆ ನಾಲ್ಕಕ್ಕೇ ಬೀಗ ಬೀಳುವ ಗ್ರಂಥಾಲಯ, ತಿಂಗಳಾದರೂ ಬಾರದ ಅತಿಥಿ ಉಪನ್ಯಾಸಕರು, ನೀರಿಲ್ಲದ ಶೌಚಾಲಯ, ಇಂಥವು ವಿದ್ಯಾರ್ಥಿ ತನ್ನ ಮಾತಿನಲ್ಲಿ ಹೇಳಿದಾಗ ಮಾತ್ರ ಹೊರಬರುತ್ತವೆ. ಐನೂರು ಉತ್ತರಗಳನ್ನು ಇಬ್ಬರು ಅಧ್ಯಾಪಕರು ಕೂತು ಓದಿ, ಒಂದೇ ಬಗೆಯವನ್ನು ಒಟ್ಟು ಹಾಕಿ, ಎಷ್ಟು ಮಂದಿ ಏನು ಹೇಳಿದರು ಎಂದು ಪಟ್ಟಿ ಮಾಡಲು ಒಂದು ವಾರಾಂತ್ಯ ಸಾಕು. ಆ ಪಟ್ಟಿಯನ್ನು ಕಾಲೇಜಿನ ಸೂಚನಾ ಫಲಕಕ್ಕೆ ಹಚ್ಚಿ, ಒಂದೊಂದರ ಎದುರೂ ‘ಮಾಡಿದೆವು’, ‘ಮಾಡುತ್ತಿದ್ದೇವೆ’, ‘ನಮ್ಮಿಂದ ಆಗದು, ಕಾರಣ ಇದು’ ಎಂದು ಬರೆಯುವುದಕ್ಕೆ ಯಾವ ಅನುದಾನವೂ ಬೇಡ. ಮುಂದಿನ ಸಲ ಕೊಂಡಿ ಕಳಿಸಿದಾಗ ಎಷ್ಟು ಮಂದಿ ತಾವಾಗಿ ತೆರೆಯುತ್ತಾರೆ ಎಂಬುದು ಆ ಮೂರನೆಯ ಬಗೆಯ ಉತ್ತರವನ್ನು ಎಷ್ಟು ನಿಜವಾಗಿ ಬರೆದಿದ್ದೀರಿ ಎಂಬುದರ ಮೇಲೆ ನಿಂತಿದೆ.